ನಮ್ಮ ಬೀದಿಯ ಪಾರ್ಕಿಗೆ ಜನ ಮತ್ತೆ ಬರಬೇಕಾದರೆ

ಸಂಜೆ ಐದೂವರೆಗೆ ಮೈಸೂರಿನ ಯಾವ ಬಡಾವಣೆಗೆ ಹೋದರೂ ಇದನ್ನು ನೋಡಬಹುದು. ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಿರುತ್ತಾರೆ. ಸ್ಕೂಟರ್ ಬಂದಾಗಲೆಲ್ಲ ಒಬ್ಬ "ಗಾಡಿ, ಗಾಡಿ" ಅಂತ ಕೂಗುತ್ತಾನೆ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ. ಅಜ್ಜಿಯರು ಯಾರದೋ ಕಾಂಪೌಂಡ್ ಕಟ್ಟೆ ಮೇಲೆ ಕೂತು ಮಾತಾಡುತ್ತಿರುತ್ತಾರೆ. ಅಲ್ಲಿಂದ ನೂರು ಹೆಜ್ಜೆ ಹೋದರೆ ಪಾರ್ಕ್ ಸಿಗುತ್ತದೆ. ಅಲ್ಲಿ ಮರಗಳಿವೆ, ಬೆಂಚುಗಳಿವೆ, ಜನ ಮಾತ್ರ ಇಲ್ಲ.

ನಮ್ಮ ಕುವೆಂಪುನಗರದ ಪಾರ್ಕೂ ಹೀಗೇ ಇತ್ತು. ಬೆಳಿಗ್ಗೆ ಒಂದಿಷ್ಟು ಜನ ವಾಕಿಂಗ್ ಮಾಡಿ ಹೋದರೆ ಮುಗಿಯಿತು. ನಾವು ಕೆಲವರು ಸೇರಿ ಅದನ್ನು ಸರಿಮಾಡಲು ಹೊರಟಾಗ ಮೊದಲು ಮಾಡಿದ್ದೇ ತಪ್ಪು. ಶಾಮಿಯಾನ ಹಾಕಿಸಿ, ಮೈಕ್ ತರಿಸಿ, ದೊಡ್ಡ ಕಾರ್ಯಕ್ರಮ ಮಾಡಿದೆವು. ಜನ ತುಂಬಾ ಬಂದರು. ಮಾರನೇ ದಿನ ಸಂಜೆ ಹೋಗಿ ನೋಡಿದರೆ ಯಾರೂ ಇರಲಿಲ್ಲ. ಹುಲ್ಲಿನ ಮೇಲೆ ಕಂಬ ನೆಟ್ಟ ಗುಂಡಿಗಳು ಮಾತ್ರ ಉಳಿದಿದ್ದವು. ಆಮೇಲೆ ನಮಗೆ ಅರ್ಥವಾಗಿದ್ದು ಎರಡೇ ಸಂಗತಿ. ಪಾರ್ಕಿಗೆ ಬಂದವರು ಯಾಕೆ ಎದ್ದು ಹೋಗುತ್ತಾರೆ ಅನ್ನುವುದನ್ನು ಕಂಡುಹಿಡಿದು ಆ ಅಡ್ಡಿಯನ್ನು ತೆಗೆಯಬೇಕು. ಆಮೇಲೆ ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ, ಏನಾದರೂ ಸಣ್ಣದನ್ನು ಬಿಡದೆ ನಡೆಸಬೇಕು. ಕೆಳಗೆ ಬರೆದಿರುವುದೆಲ್ಲ ಈ ಎರಡರ ವಿವರ.

ಮೊದಲ ವಾರ ಸುಮ್ನೆ ಕೂತು ನೋಡಿ

ಯಾರಿಗೂ ಏನೂ ಹೇಳಬೇಡಿ. ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ ಇಪ್ಪತ್ತು ನಿಮಿಷ ಪಾರ್ಕಿನಲ್ಲಿ ಕೂರಿ: ಬೆಳಿಗ್ಗೆ ಆರೂವರೆ, ಹನ್ನೊಂದು, ಸಂಜೆ ನಾಲ್ಕೂವರೆ, ರಾತ್ರಿ ಏಳೂವರೆ. ಒಬ್ಬರಿಂದ ಆಗದಿದ್ದರೆ ನಾಲ್ಕು ಮನೆಯವರು ಹಂಚಿಕೊಳ್ಳಿ. ಭಾನುವಾರ ಒಂದು ದಿನ ಸೇರಿರಲೇಬೇಕು. ಗಂಡಸರು ಎಷ್ಟು, ಹೆಂಗಸರು ಎಷ್ಟು, ಮಕ್ಕಳು ಎಷ್ಟು, ವಯಸ್ಸಾದವರು ಎಷ್ಟು ಅಂತ ಬರೆಯಿರಿ. ಎಲ್ಲಿ ಕೂತರು, ಎಷ್ಟು ಹೊತ್ತು ಇದ್ದರು ಅನ್ನುವುದೂ ಇರಲಿ. ಇನ್ನೊಂದು ಕಾಲಂ ಮರೆಯಬೇಡಿ: ಗೇಟಿನ ತನಕ ಬಂದು ಒಳಗೆ ಬಾರದೆ ಹೋದವರು. ನನಗೆ ಜಾಸ್ತಿ ಕಲಿಸಿದ್ದು ಈ ಕಾಲಂ.

ನಮ್ಮಲ್ಲಿ ಹೊಂಗೆ ಮರದ ಪಕ್ಕ ಒಂದು ಗ್ರಾನೈಟ್ ಬೆಂಚಿತ್ತು. ನೋಡಲು ಚೆನ್ನಾಗಿತ್ತು, ಮುರಿದಿರಲಿಲ್ಲ. ಆದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಒಂದು ಸಂಜೆ ನಾಲ್ಕೂವರೆಗೆ ಒಬ್ಬರು ಅಜ್ಜಿ ಬಂದರು. ಬೆಂಚಿನ ಹತ್ತಿರ ನಿಂತು ಅಂಗೈ ಹಿಂಭಾಗದಿಂದ ಕಲ್ಲನ್ನು ಮುಟ್ಟಿ ನೋಡಿದರು, ಕಾವಲಿ ಕಾದಿದೆಯಾ ಅಂತ ನೋಡುವ ಹಾಗೆ. ಸೆರಗು ಸರಿಮಾಡಿಕೊಂಡು ವಾಪಸ್ ಹೊರಟರು. ಆಗ ಹೋಗಿ ನಾನೂ ಮುಟ್ಟಿ ನೋಡಿದೆ. ಮಧ್ಯಾಹ್ನವೆಲ್ಲ ಪಡುವಣ ಬಿಸಿಲು ಕುಡಿದು ಕಲ್ಲು ಸುಡುತ್ತಿತ್ತು. ಮರದ ನೆರಳು ಬೀಳುತ್ತಿದ್ದುದು ಅಲ್ಲಿಂದ ಹತ್ತು ಅಡಿ ಆಚೆ, ಯಾರೂ ಕೂರದ ಬರಿ ನೆಲದ ಮೇಲೆ. ಆ ಬೆಂಚನ್ನು ಹತ್ತು ಅಡಿ ಸರಿಸಲು ಅನುಮತಿ ಕೇಳಿ ಒಂದು ಅರ್ಜಿ ಕೊಟ್ಟೆವು, ಕೆಲಸಕ್ಕೆ ಬೇಕಾಗಿದ್ದು ಅರ್ಧ ದಿನ. ಈಗ ನಮ್ಮ ಪಾರ್ಕಿನಲ್ಲಿ ಸಂಜೆ ಮೊದಲು ತುಂಬುವ ಜಾಗ ಅದೇ.

ಕೂತು ನೋಡದೆ ಇಂಥದ್ದು ಗೊತ್ತಾಗುವುದಿಲ್ಲ. ಮೀಟಿಂಗ್ ಕರೆದು ಕೇಳಿದ್ದರೆ ಎಲ್ಲರೂ "ಓಪನ್ ಜಿಮ್ ಬೇಕು, ಕಾರಂಜಿ ಬೇಕು" ಅಂತಿದ್ದರು. ಬೆಂಚು ಸುಡುತ್ತದೆ ಅಂತ ಯಾರೂ ಮೀಟಿಂಗಿನಲ್ಲಿ ಎದ್ದು ನಿಂತು ಹೇಳುವುದಿಲ್ಲ ಅಲ್ವಾ?

ಯಾರನ್ನು ಕೇಳಬೇಕು, ಏನಂತ ಕೇಳಬೇಕು

ಎರಡನೇ ವಾರ ಮಾತಾಡಿಸಿ. "ಪಾರ್ಕ್ ಅಭಿವೃದ್ಧಿ ಆಗಬೇಕಾ?" ಅಂತ ಕೇಳಬೇಡಿ, ಬೇಡ ಅನ್ನುವವರು ಯಾರಿದ್ದಾರೆ? ಈ ಎರಡು ಪ್ರಶ್ನೆ ಸಾಕು: "ನಿನ್ನೆ ಸಂಜೆ ಎಲ್ಲಿದ್ರಿ?" "ಕೊನೇ ಸಲ ಪಾರ್ಕಿಗೆ ಬಂದಾಗ ಯಾಕೆ ಎದ್ದು ಹೋದ್ರಿ?" ಎರಡನೆಯದಕ್ಕೆ ಸಿಗುವ ಉತ್ತರವೇ ನಿಮ್ಮ ಕೆಲಸದ ಪಟ್ಟಿ. ಮಗುವಿಗೆ ಶೌಚಕ್ಕೆ ಅವಸರವಾಯಿತು, ಸೊಳ್ಳೆ ಜಾಸ್ತಿ, ಕತ್ತಲಾಯಿತು, ನಾಯಿ ಬಂತು, ಕೂರಲು ಒರಗು ಇರಲಿಲ್ಲ. ಹೀಗೇ ಇರುತ್ತವೆ.

ಸ್ವಂತ ಮನೆ ಇರುವವರನ್ನು ಮಾತ್ರ ಕೇಳಿ ನಿಲ್ಲಿಸಬೇಡಿ. ಬಾಡಿಗೆ ಮನೆಯವರು, ಪಿಜಿಯಲ್ಲಿರುವ ಹುಡುಗ ಹುಡುಗಿಯರು, ಮನೆಗೆಲಸಕ್ಕೆ ಬರುವ ಹೆಂಗಸರು, ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವವರು, ಪೌರಕಾರ್ಮಿಕರು, ಇವರೂ ಆ ಬೀದಿಯವರೇ. ನಮ್ಮಲ್ಲಿ ಇಸ್ತ್ರಿ ಗಾಡಿಯ ಹೆಂಗಸು ದಿನಾ ಮಧ್ಯಾಹ್ನ ಪಾರ್ಕಿನ ಬೇಲಿಗೆ ಒರಗಿ, ಚರಂಡಿ ಚಪ್ಪಡಿಯ ಮೇಲೆ ಕೂತು ಊಟ ಮಾಡುತ್ತಿದ್ದರು. ಬೇಲಿಯ ಒಳಗೆ ನೆರಳಿತ್ತು, ಬೆಂಚಿತ್ತು, ನಲ್ಲಿಯಿತ್ತು. ಗೇಟಿಗೆ ಮಾತ್ರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಬೀಗ. ಬಿಸಿಲ ಹೊತ್ತಿನಲ್ಲಿ ನೆರಳಿನ ಪಾರ್ಕಿಗೆ ಬೀಗ ಹಾಕುವುದು ಸರಿಯಲ್ಲ ಅಂತ ನಾನು ನಂಬಿದ್ದೇನೆ. "ತೆಗೆದಿಟ್ಟರೆ ಯಾರ್ಯಾರೋ ಬರುತ್ತಾರೆ" ಅನ್ನುವ ಮಾತು ನಿಮಗೂ ಎದುರಾಗುತ್ತದೆ. ಆ ಯಾರ್ಯಾರೋ ಯಾರು ಅಂತ ನಿಮ್ಮ ನೋಟ್‌ಬುಕ್ಕಿನಲ್ಲಿ ಇರುತ್ತದೆ, ತೋರಿಸಿ.

ಪಾರ್ಕ್ ಯಾರ ಕೈಯಲ್ಲಿದೆ?

ಅರ್ಜಿ ಬರೆಯುವ ಮೊದಲು ಇದು ತಿಳಿದಿರಬೇಕು. ಮೈಸೂರಿನಲ್ಲಿ ಹಸಿರು ಜಾಗಗಳಿಗೆ ಬೇರೆಬೇರೆ ಒಡೆಯರಿದ್ದಾರೆ. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು. ಕಾರಂಜಿ ಕೆರೆ ಮೃಗಾಲಯ ಪ್ರಾಧಿಕಾರದ್ದು. ಲಿಂಗಾಂಬುಧಿ ಕೆರೆಯನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಬಡಾವಣೆಯ ಪಾರ್ಕುಗಳು ಹೆಚ್ಚಾಗಿ ಮಹಾನಗರ ಪಾಲಿಕೆಯವು. ಹೊಸ ಬಡಾವಣೆಯಾದರೆ ಅದು ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿರದೆ, ನಾವೆಲ್ಲ ಮುಡಾ ಅನ್ನುವ ಮೈಸೂರಿನ ಅಭಿವೃದ್ಧಿ ಪ್ರಾಧಿಕಾರದ ಬಳಿಯೇ ಇರಬಹುದು. ಪಾಲಿಕೆಯ ವಾರ್ಡುಗಳನ್ನು ವಲಯ ಕಚೇರಿಗಳು ಹಂಚಿಕೊಂಡಿವೆ. ನಿಮ್ಮ ವಲಯ ಕಚೇರಿಗೆ ಹೋಗಿ ಪಾರ್ಕಿನ ಹೆಸರು, ಅಡ್ಡರಸ್ತೆ ಹೇಳಿ ಕೇಳಿದರೆ ಅದು ಯಾರ ಸುಪರ್ದಿಯಲ್ಲಿದೆ, ನಿರ್ವಹಣೆಯ ಗುತ್ತಿಗೆ ಯಾರದು ಅಂತ ತಿಳಿಯುತ್ತದೆ. ತಿಳಿಯದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರ ಬರಬೇಕಾದ ಗಡುವು 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು.

ಪಾರ್ಕಿನ ಜಾಗವನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಪಾಡಲು ರಾಜ್ಯದಲ್ಲಿ 1985ರ ಕಾಯಿದೆಯೇ ಇದೆ: ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಯ ಕಾಯಿದೆ. ಯಾರಾದರೂ ಮೂಲೆಯಲ್ಲಿ ಕಟ್ಟಡ ಏಳಿಸಲು ಬಂದರೆ ಅರ್ಜಿಯಲ್ಲಿ ಇದರ ಹೆಸರು ಬರೆಯಿರಿ. ಪ್ಲೇಗ್ ಬಂದು ಊರು ನಡುಗಿದ ಮೇಲೆ, 1903ರಲ್ಲಿ, ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಇಕ್ಕಟ್ಟಾದ ಓಣಿಗಳಿಂದ ಜನರನ್ನು ಗಾಳಿ ಬೆಳಕಿರುವ ಬಡಾವಣೆಗಳಿಗೆ ತರುವುದು ಅದರ ಕೆಲಸವಾಗಿತ್ತು. ನಮ್ಮೂರಿನಲ್ಲಿ ಬಡಾವಣೆ ಅಂದರೆ ಪಾರ್ಕೂ ಇರಬೇಕು ಅನ್ನುವ ರೂಢಿಗೆ ಅಷ್ಟು ವಯಸ್ಸಾಗಿದೆ.

ಅರ್ಜಿ ಹೀಗಿರಲಿ

ಹತ್ತು ಬೇಡಿಕೆಯ ಅರ್ಜಿ ಯಾರ ಮೇಜಿನಿಂದಲೂ ಮುಂದಕ್ಕೆ ಹೋಗುವುದಿಲ್ಲ. ಒಂದು ಅರ್ಜಿಗೆ ಒಂದೇ ಕೆಲಸ. ನಮ್ಮದರಲ್ಲಿ ಇದ್ದದ್ದು ಇಷ್ಟೇ:

"ನಮ್ಮ ಪಾರ್ಕಿನ ಗೇಟಿಗೆ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬೀಗ ಹಾಕಲಾಗುತ್ತಿದೆ. ಈ ಹೊತ್ತಿನಲ್ಲಿ ನೆರಳಿಗಾಗಿ ಗೇಟಿನವರೆಗೆ ಬಂದು ಹಿಂದಿರುಗಿದವರ ಏಳು ದಿನಗಳ ಲೆಕ್ಕ ಲಗತ್ತಿಸಿದ್ದೇವೆ. ಒಂದು ತಿಂಗಳು ಪ್ರಾಯೋಗಿಕವಾಗಿ ಗೇಟು ತೆರೆದಿಡಬೇಕೆಂದು ಕೋರುತ್ತೇವೆ. ಆ ತಿಂಗಳು ದಿನಾ ಮಧ್ಯಾಹ್ನ ಒಂದು ಸಲ ಬಂದು ನೋಡಿಕೊಳ್ಳುವ ಹೊಣೆ ಕೆಳಗೆ ಸಹಿ ಮಾಡಿದವರದು."

ಇದರಲ್ಲಿ ಕೆಲಸ ಮಾಡಿದ್ದು "ಒಂದು ತಿಂಗಳು" ಅನ್ನುವ ಮಾತು. ಶಾಶ್ವತವಾಗಿ ಬದಲಿಸಿ ಅಂದರೆ ಯಾವ ಅಧಿಕಾರಿಯೂ ಹಿಂದೆ ಮುಂದೆ ನೋಡುತ್ತಾರೆ. ಒಂದು ತಿಂಗಳಿಗೆ ಒಪ್ಪುವುದು ಸುಲಭ. ಅರ್ಜಿಯ ಜೊತೆ ಫೋಟೋ ಇಡಿ, ಅಳತೆ ಬರೆಯಿರಿ, ಎರಡು ಪ್ರತಿ ಮಾಡಿ ಒಂದಕ್ಕೆ ಮುದ್ರೆ ಹಾಕಿಸಿಕೊಳ್ಳಿ. ಕಾರ್ಪೊರೇಟರ್ ಇದ್ದರೆ ಅವರಿಗೊಂದು ಪ್ರತಿ, ಇಲ್ಲದ ಕಾಲದಲ್ಲಿ ವಲಯ ಕಚೇರಿಯ ಸಹಾಯಕ ಆಯುಕ್ತರಿಗೆ.

ಮೊದಲ ಮಧ್ಯಾಹ್ನ ಇಸ್ತ್ರಿ ಗಾಡಿಯ ಅಕ್ಕ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತು, "ನಾಳೆನೂ ತೆಗೆದಿರ್ತಾರಾ?" ಅಂತ ಎರಡು ಸಲ ಕೇಳಿ ಒಳಗೆ ಬಂದರು.

ಅಡ್ಡಿಗಳನ್ನು ಒಂದೊಂದಾಗಿ ತೆಗೆಯಿರಿ

ಗೇಟಿನಿಂದ ಶುರುಮಾಡಿ. ದನ, ಬೈಕು ಬಾರದಿರಲಿ ಅಂತ ಹಾಕಿದ ಸುತ್ತು ಗೇಟಿನಲ್ಲಿ ವೀಲ್‌ಚೇರೂ ಬರುವುದಿಲ್ಲ, ಮಗುವಿನ ತಳ್ಳುಗಾಡಿಯೂ ಬರುವುದಿಲ್ಲ. ಒಂದು ಕಡೆಯಾದರೂ 90 ಸೆಂಟಿಮೀಟರ್ ಅಗಲದ ನೇರ ದಾರಿ ಇರಬೇಕು. ಮೆಟ್ಟಿಲಿದ್ದರೆ ಇಳಿಜಾರು ಬೇಕು. ಅದರ ಲೆಕ್ಕ ಒಂದಕ್ಕೆ ಹನ್ನೆರಡು, ಅಂದರೆ ಆರು ಅಂಗುಲ ಎತ್ತರಕ್ಕೆ ಆರು ಅಡಿ ಉದ್ದ. ಗಾರೆಯವರು ಜಾಗ ಉಳಿಸಲು ಎರಡೇ ಅಡಿಯಲ್ಲಿ ಮುಗಿಸಿಬಿಡುತ್ತಾರೆ. ಹತ್ತುವುದಿರಲಿ, ಮಳೆಯಲ್ಲಿ ಅದರ ಮೇಲೆ ಜಾರಿ ಬೀಳುತ್ತಾರೆ. ಕೆಲಸ ನಡೆಯುವ ದಿನ ಟೇಪು ಹಿಡಿದು ಅಲ್ಲೇ ಇರಿ.

ದಾರಿ ಪಕ್ಕದ ಪೊದೆಗಳನ್ನು ಸೊಂಟಕ್ಕಿಂತ ಕೆಳಗೆ ಕತ್ತರಿಸಲು ಹೇಳಿ. ಒಂದು ತುದಿಯಿಂದ ಇನ್ನೊಂದು ತುದಿ ಕಾಣಿಸಿದರೆ ಹೆಂಗಸರು ಧೈರ್ಯವಾಗಿ ಬರುತ್ತಾರೆ. ದೀಪದ ಕಂಬ ಇದ್ದರೂ ಬೆಳಕು ಮರದ ಎಲೆಗಳ ಮೇಲೇ ನಿಂತುಬಿಟ್ಟಿರುತ್ತದೆ, ಆಗ ದೀಪವನ್ನು ಕೊಂಬೆಗಿಂತ ಕೆಳಗೆ ಇಳಿಸಬೇಕು. ಮರ ಕಡಿಯುವ ಮಾತು ಬೇಡ. 1976ರ ಮರ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಇಲ್ಲದೆ ಕಡಿಯುವ ಹಾಗೂ ಇಲ್ಲ.

ಕಾಂಕ್ರೀಟಿಗೆ ಮಾತ್ರ ಒಪ್ಪಬೇಡಿ. ದುಡ್ಡು ಬಂದಾಗ ಎಲ್ಲರಿಗೂ ನೆನಪಾಗುವುದು ಟೈಲ್ಸ್. ಒಂದೊಂದು ಟೈಲ್ಸಿನ ಕೆಳಗೂ ನೀರು ಇಂಗುವ ಜಾಗ ಮುಚ್ಚುತ್ತದೆ, ಮಕ್ಕಳು ಬಿದ್ದರೆ ಮಂಡಿ ಒಡೆಯುತ್ತದೆ.

ವಾರಕ್ಕೊಂದು ದಿನ, ಒಂದೇ ಹೊತ್ತು

ಇನ್ನು ಮುಖ್ಯವಾದ ಮಾತು. ಜೂನ್ 5ಕ್ಕೆ ಪಾರ್ಕಿನಲ್ಲಿ ಗಿಡ ನೆಡುತ್ತೇವೆ, 21ಕ್ಕೆ ಯೋಗದ ಚಾಪೆ ಹಾಸುತ್ತೇವೆ. ಜುಲೈ ಹೊತ್ತಿಗೆ ಎರಡೂ ಇರುವುದಿಲ್ಲ. ಜನಕ್ಕೆ ಪಾರ್ಕಿಗೆ ಬರಲು ಒಂದು ನೆಪ ಬೇಕು, ಆ ನೆಪ ಪ್ರತಿ ವಾರ ಅದೇ ಜಾಗದಲ್ಲಿ ಅದೇ ಹೊತ್ತಿಗೆ ಸಿಗಬೇಕು. ನಾವು ಭಾನುವಾರ ಸಂಜೆ ಐದನ್ನು ಆರಿಸಿದೆವು. ಮೈಕ್ ಇಲ್ಲ, ಕುರ್ಚಿ ಇಲ್ಲ, ಅತಿಥಿ ಇಲ್ಲ. ಇಬ್ಬರು ಬಂದರೂ ನಡೆಯುತ್ತದೆ ಅಂತ ಮೊದಲೇ ಒಪ್ಪಿಕೊಂಡೆವು. ಮೂರನೇ ಭಾನುವಾರ ಬಂದದ್ದು ನಿಜಕ್ಕೂ ಇಬ್ಬರೇ, ಅದೂ ಜಡಿಮಳೆಯಲ್ಲಿ. ಆದರೂ ಮಂಟಪದ ಕೆಳಗೆ ಕೂತು ಒಂದಾಟ ಚೌಕಾಬಾರ ಆಡಿಯೇ ಎದ್ದೆವು. ಅವತ್ತು ಬಿಟ್ಟಿದ್ದರೆ ನಾಲ್ಕನೆಯದು ನಡೆಯುತ್ತಿರಲಿಲ್ಲ.

ಆಟಗಳಿಂದ ಶುರುಮಾಡುವುದು ಸುಲಭ. ಕಲ್ಲುಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಅಥವಾ ಹುಣಸೆಬೀಜ ಇಟ್ಟರೆ ಸಾಕು. ಹುಲಿ-ಕುರಿ ಆಟಕ್ಕೂ ಗೆರೆ ಸಾಕು. ಇದನ್ನು ಕಲಿಸಬಲ್ಲವರು ಅಜ್ಜ ಅಜ್ಜಿಯರೇ ಆದ್ದರಿಂದ ಅವರಿಗೂ ಒಂದು ಕೆಲಸ ಸಿಗುತ್ತದೆ. "ಬನ್ನಿ, ಪಾರ್ಕಿನಲ್ಲಿ ಕೂರಿ" ಅಂದರೆ ಬಾರದವರು "ಮಕ್ಕಳಿಗೆ ಆಟ ಹೇಳಿಕೊಡಿ" ಅಂದರೆ ಹತ್ತು ನಿಮಿಷ ಮೊದಲೇ ಬಂದಿರುತ್ತಾರೆ. ಲಗೋರಿ, ಕುಂಟೆಬಿಲ್ಲೆ ಇದ್ದೇ ಇದೆ. ಮನೆಯಲ್ಲಿ ಹೆಚ್ಚಾದ ಗಿಡದ ತುಂಡು, ಬೀಜ ತಂದು ಬದಲಾಯಿಸಿಕೊಳ್ಳುವುದು ನಮ್ಮಲ್ಲಿ ತಿಂಗಳಿಗೊಮ್ಮೆ ನಡೆಯುತ್ತದೆ. ಫೆಬ್ರವರಿಯಲ್ಲಿ ಜಗತ್ತಿನ ಎಲ್ಲ ಕಡೆ ನಾಲ್ಕು ದಿನ ಹಕ್ಕಿ ಎಣಿಸುತ್ತಾರೆ. ಹದಿನೈದು ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ, ಬಡಾವಣೆಯ ಪಾರ್ಕೂ ಅದರಲ್ಲಿ ಸೇರಬಹುದು.

ಮೈಸೂರಿನವರಿಗೆ ಇನ್ನೊಂದು ದಾರಿಯಿದೆ, ನನಗೆ ತುಂಬಾ ಇಷ್ಟವಾದದ್ದು. ದಸರಾ ಗೊಂಬೆ ಕೂರಿಸುವಾಗ ನಮ್ಮ ಮನೆಗಳಲ್ಲಿ ಗೊಂಬೆಗಳ ಮುಂದೆ ಒಂದು ಪಾರ್ಕ್ ಮಾಡುತ್ತೇವಲ್ಲ, ಅದನ್ನು ನಿಜವಾದ ಪಾರ್ಕಿಗೇ ತನ್ನಿ. ನವರಾತ್ರಿಗೆ ಎಂಟು ಹತ್ತು ದಿನ ಇರುವಾಗ ಭಾನುವಾರ ಮಕ್ಕಳನ್ನು ಸೇರಿಸಿ. ಒಬ್ಬೊಬ್ಬರಿಗೂ ಒಂದು ಹಳೇ ತಟ್ಟೆ, ಮೂರು ಹಿಡಿ ಮಣ್ಣು, ಒಂದು ಹಿಡಿ ಪುಡಿಗೊಬ್ಬರ. ರಾತ್ರಿಯಿಡೀ ನೆನೆಸಿದ ರಾಗಿಯನ್ನು ತೆಳ್ಳಗೆ ಚೆಲ್ಲಿ, ಮೇಲೆ ಮಣ್ಣು ಉದುರಿಸಿ, ನೀರು ಸುರಿಯದೆ ಚಿಮುಕಿಸಬೇಕು. ಎರಡು ಮೂರು ದಿನಕ್ಕೆ ಬಿಳಿ ಮೊಳಕೆ ಕಾಣುತ್ತದೆ, ವಾರಕ್ಕೆ ಹಸಿರು ಹಾಸು. ಮುಂದಿನ ಭಾನುವಾರ ತಟ್ಟೆಗಳನ್ನು ತಂದು ಸಾಲಾಗಿಟ್ಟು, ಕಡ್ಡಿಯ ಬೆಂಚು, ಬೆಂಕಿಪೆಟ್ಟಿಗೆಯ ಗೇಟು, ಕನ್ನಡಿಚೂರಿನ ಕೊಳ ಮಾಡಿಸಿ. ಮಕ್ಕಳು ತಟ್ಟೆಯಲ್ಲಿ ಏನೇನು ಇಡುತ್ತಾರೆ ಅಂತ ಗಮನಿಸಿ. ನಮ್ಮಲ್ಲಿ ಒಬ್ಬಳು ಹುಡುಗಿ ಗೇಟಿನ ಪಕ್ಕದಲ್ಲೇ ಪುಟ್ಟದೊಂದು ಶೌಚಾಲಯ ಇಟ್ಟಿದ್ದಳು. ನಮ್ಮ ಮುಂದಿನ ಅರ್ಜಿ ಅದೇ ಆಯಿತು.

ಜಗಳ ಬಂದೇ ಬರುತ್ತದೆ

ಜನ ಬಂದ ಮೇಲೆ ಜಗಳವೂ ಬರುತ್ತದೆ, ಅದಕ್ಕೆ ಹೆದರಬೇಡಿ. ಚೆಂಡು ಬಿತ್ತು ಅಂತ ಹಿರಿಯರು, ಆಡಲು ಬಿಡುವುದಿಲ್ಲ ಅಂತ ಹುಡುಗರು. "ಚೆಂಡಾಟ ನಿಷೇಧ" ಅಂತ ಬೋರ್ಡ್ ಹಾಕುವುದು ಸುಲಭ, ಆದರೆ ಅವತ್ತೇ ಹುಡುಗರು ರಸ್ತೆಗೆ ವಾಪಸ್. ನಾವು ಹುಡುಗರನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಿ ಹೊತ್ತು ಹಂಚಿದೆವು: ಐದೂವರೆ ತನಕ ಒಂದು ಮೂಲೆಯಲ್ಲಿ ರಬ್ಬರ್ ಚೆಂಡು, ಆಮೇಲೆ ನಡೆಯುವವರಿಗೆ. ಬೋರ್ಡ್ ಬರೆದವರು ಹುಡುಗರೇ, ಹಾಗಾಗಿ ಕಾಯುವವರೂ ಅವರೇ.

ಕಾಲೇಜಿನ ಹುಡುಗ ಹುಡುಗಿ ಬೆಂಚಿನಲ್ಲಿ ಕೂತು ಮಾತಾಡಿದರೆ ಓಡಿಸಲು ಹೋಗಬೇಡಿ. ಇದರಲ್ಲಿ ನನ್ನ ಮಾತು ಗಟ್ಟಿ. ಅವರೂ ನಮ್ಮ ಬೀದಿಯ ಮಕ್ಕಳೇ. ಕುಡಿದು ಬಾಟಲಿ ಒಡೆಯುವವರ ವಿಷಯ ಬೇರೆ. ಆಗ ಒಬ್ಬರೇ ಎದುರು ನಿಲ್ಲದೆ 112ಕ್ಕೆ ಫೋನ್ ಮಾಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಬಳಸುವಂತಿಲ್ಲ, ಬೆಳಗಿನ ಜಾವದ ಭಜನೆಗೂ ಯೋಗಕ್ಕೂ ಇದೇ ನಿಯಮ. ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮವಾದರೆ ಮೂರು ಕೆಲಸದ ದಿನ ಮೊದಲೇ ಪಾಲಿಕೆಗೆ ತಿಳಿಸಬೇಕು, ಕಸ ಬೇರ್ಪಡಿಸುವ ಹೊಣೆ ಕರೆದವರದೇ.

ಮಾಲಿಯ ಜೊತೆಗೆ, ಮಾಲಿಯ ಮೇಲೆ ಅಲ್ಲ

ಪಾರ್ಕನ್ನು ನಮಗಿಂತ ಚೆನ್ನಾಗಿ ಬಲ್ಲವರು ಅಲ್ಲಿಯ ಮಾಲಿ. ಯಾವ ನಲ್ಲಿಯಲ್ಲಿ ಎಷ್ಟೊತ್ತಿಗೆ ನೀರು ಬರುತ್ತದೆ, ಹಾವು ಎಲ್ಲಿ ಕಾಣಿಸಿತ್ತು, ಯಾವ ಗಿಡ ಯಾಕೆ ಒಣಗಿತು, ಎಲ್ಲ ಅವರಿಗೆ ಗೊತ್ತು. ಮೊದಲು ಅವರನ್ನು ಕೇಳಿ. ದೂರು ಕೊಡುವ ಮುಂಚೆ ಅವರ ಬಳಿ ಕತ್ತರಿ, ಪೈಪು ಇದೆಯಾ ನೋಡಿ.

ಉದುರಿದ ಎಲೆಗೆ ಬೆಂಕಿ ಹಾಕುವುದು ನಿಲ್ಲಬೇಕು, ಅದು ನಿಯಮಕ್ಕೂ ವಿರುದ್ಧ. ಒಂದು ಮೂಲೆಯಲ್ಲಿ ನಾಲ್ಕು ಅಡಿ ಅಗಲಕ್ಕೆ ತಂತಿ ಜಾಲರಿಯ ಬುಟ್ಟಿ ನಿಲ್ಲಿಸಿ ಎಲೆ ತುಂಬಿ. ಆಗಾಗ ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ತೇವ ಆರದ ಹಾಗೆ ನೋಡಿಕೊಂಡು, ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ಗಿಡ ನೆಡುವುದಾದರೆ ಮೇ ತಿಂಗಳಲ್ಲಿ ಎರಡಡಿ ಗುಂಡಿ ತೆಗೆದು, ಮಳೆ ಹಿಡಿದ ಮೇಲೆ ನೆಡಿ. ಹೊಂಗೆ, ನೇರಳೆ, ಬೇವು, ಸಂಪಿಗೆ ನಮ್ಮ ಮಣ್ಣಿಗೆ ಹೊಂದುತ್ತವೆ. ಒಂದೊಂದು ಗಿಡಕ್ಕೂ ಒಂದು ಮನೆ ಹೊಣೆ, ಎರಡು ಬೇಸಿಗೆ ನೀರು ಹಾಕುವ ತನಕ. ಹೊಣೆ ಹೊರಲು ಐದೇ ಮನೆ ಸಿಕ್ಕರೆ ಐದೇ ಗಿಡ ನೆಡಿ.

ದುಡ್ಡು, ಸಂಘ

ಸಂಘ ನೋಂದಣಿಗೆ ಅವಸರ ಬೇಡ. ಶುರುವಿನಲ್ಲೇ ಅಧ್ಯಕ್ಷ, ಕಾರ್ಯದರ್ಶಿ ಅಂತ ಕೂತರೆ ಅಲ್ಲಿಗೇ ಅರ್ಧ ಜನ ದೂರವಾಗುತ್ತಾರೆ. ಬ್ಯಾಂಕ್ ಖಾತೆ ಬೇಕಾದಷ್ಟು ದುಡ್ಡು ಓಡಾಡತೊಡಗಿದ ಮೇಲೆ 1960ರ ಸಂಘಗಳ ನೋಂದಣಿ ಕಾಯಿದೆಯಲ್ಲಿ ಏಳು ಜನ ಸೇರಿ ನೋಂದಾಯಿಸಬಹುದು. ಅಲ್ಲಿಯ ತನಕ ಖರ್ಚಿನ ಚೀಟಿಗಳನ್ನು ಗೇಟಿನ ಬೋರ್ಡಿಗೆ ಅಂಟಿಸಿ. ವಾಟ್ಸಾಪ್ ಗುಂಪಿನಲ್ಲಿ ಭಾನುವಾರದ ಸಮಾಚಾರ ಬಿಟ್ಟು ಬೇರೇನೂ ಬೇಡ ಅಂತ ಮೊದಲ ದಿನವೇ ಹೇಳಿಬಿಡಿ.

ಮೂರು ತಿಂಗಳಾದ ಮೇಲೆ

ಅದೇ ನೋಟ್‌ಬುಕ್, ಅದೇ ನಾಲ್ಕು ಹೊತ್ತು, ಮತ್ತೆ ಒಂದು ವಾರ ಎಣಿಸಿ. ಹಳೇ ಪುಟ, ಹೊಸ ಪುಟ ಎರಡನ್ನೂ ಫೋಟೋ ತೆಗೆದು ಅರ್ಜಿ ತಗೊಂಡವರಿಗೆ ಕೊಡಿ. ಒಂದು ತಿಂಗಳ ಪ್ರಯೋಗ ಮುಂದುವರಿಯಬೇಕಾದರೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಆದರೆ ತುಂಬಿದ ಕಾಲಂಗಿಂತ ಖಾಲಿ ಉಳಿದದ್ದನ್ನು ಜಾಸ್ತಿ ಹೊತ್ತು ನೋಡಿ. ನಮ್ಮ ಎರಡನೇ ಎಣಿಕೆಯಲ್ಲಿ ಹನ್ನೊಂದು ಗಂಟೆಯ ಪುಟ ತುಂಬಿತ್ತು, ಸಂಜೆಯದೂ ತುಂಬಿತ್ತು. ರಾತ್ರಿ ಏಳೂವರೆಯಲ್ಲಿ ಹೆಂಗಸರು ಅನ್ನುವ ಕಡೆ ಏಳು ದಿನವೂ ಸೊನ್ನೆ. ಹಿಂಬದಿಯ ನೇರಳೆ ಮರದ ಹತ್ತಿರ ದೀಪ ಹೊತ್ತುತ್ತದೆ, ಆದರೆ ಬೆಳಕು ಕೊಂಬೆಯ ಮೇಲೇ ನಿಂತುಬಿಡುತ್ತದೆ. ಕಂಬದ ಎತ್ತರ ಅಳೆದಿದ್ದೇವೆ, ಫೋಟೋ ತೆಗೆದಿದ್ದೇವೆ. ಈ ಸೋಮವಾರ ಆ ಅರ್ಜಿ ಕೊಡುತ್ತಿದ್ದೇವೆ.